ಎಲ್ಫ್ ಪಾತ್ರಕ್ಕೆ ಏನು ಹೆಸರಿಡಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನಲ್ಲಿ ಭಾನುವಾರ ಮಧ್ಯಾಹ್ನ ನಾವೊಂದಿಷ್ಟು ಜನ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ, ಮಾತಿನಲ್ಲೇ ಕಥೆ ಕಟ್ಟುವ ಆಟ ಅದು. ಆಟ ನಡೆಸುವುದು ನಾನು. ಬೇಲೂರು, ಮೂಡಿಗೆರೆ, ಹಾಸನದಿಂದಲೂ ಬರುತ್ತಾರೆ. ಹೊಸಬರೆಲ್ಲ ಒಂದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತಾರೆ. ಬಿಲ್ಲು, ಕತ್ತಿ, ಮಂತ್ರ ಎಲ್ಲವನ್ನೂ ಅರ್ಧ ಗಂಟೆಯಲ್ಲಿ ಆರಿಸುತ್ತಾರೆ. ಪಾತ್ರದ ವಿವರ ಬರೆಯುವ ಶೀಟಿನ ಮೇಲ್ಗಡೆ ಹೆಸರಿನ ಗೆರೆ ಮಾತ್ರ ಖಾಲಿ ಉಳಿಯುತ್ತದೆ. ಎಲ್ಫ್ ಆರಿಸಿಕೊಂಡವರಿಗೆ ಈ ಕಷ್ಟ ಇನ್ನೂ ಜಾಸ್ತಿ. ಅವರು ಕೇಳುವುದನ್ನೆಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ.

ಎಲ್ಫ್ ಅಂದರೆ ನಮ್ಮ ಯಕ್ಷರೇನಾ? ಗಂಧರ್ವರಾ?

ಇಬ್ಬರೂ ಅಲ್ಲ. ಎಲ್ಫ್‌ಗಳು ಉತ್ತರ ಯುರೋಪಿನ ಹಳೆಯ ಕಥೆಗಳಿಂದ ಬಂದವರು. ಇಂಗ್ಲಿಷರ ಆಲ್‌ಫ್ರೆಡ್ ಎಂಬ ಹೆಸರಿನ ಒಳಗೂ ಎಲ್ಫ್ ಇದ್ದಾನೆ. ಎಲ್ಫ್ ಹೇಳಿದ ಬುದ್ಧಿಮಾತು ಅಂತ ಅದರ ಮೂಲ ಅರ್ಥ. ಆಟಕ್ಕೆ ಬಂದಾಗ ಎಲ್ಫ್ ಅಂದರೆ ಚೂಪು ಕಿವಿ, ಕಾಡಿನ ಒಡನಾಟ, ತುಂಬಾ ದೊಡ್ಡ ಆಯಸ್ಸು. 2014ರ ನಿಯಮ ಪುಸ್ತಕದ ಪ್ರಕಾರ 750 ವರ್ಷದವರೆಗೂ ಬದುಕುತ್ತಾರೆ. ನಿದ್ದೆ ಮಾಡುವುದಿಲ್ಲ, ನಾಲ್ಕು ಗಂಟೆ ಧ್ಯಾನದಲ್ಲಿ ಕೂತರೆ ಸಾಕು.

ಯಕ್ಷ ಅಂದ ಕೂಡಲೇ ಕುಬೇರ ನೆನಪಾಗುತ್ತಾನೆ. ಗಂಧರ್ವ ಅಂದರೆ ಸಂಗೀತ ಕಿವಿಗೆ ಬರುತ್ತದೆ. ಅವರಿಗೆ ಅವರದ್ದೇ ಕಥೆಗಳಿವೆ. ಹಾಗಾಗಿ ನಾವು ಎಲ್ಫ್ ಅಂತಲೇ ಬರೆಯುತ್ತೇವೆ.

ಒಂದು ಹೆಸರಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ?

ಕೆಡಿಸಿಕೊಳ್ಳಬೇಕು. ಇದು ಪರದೆಯ ಮೇಲೆ ನೋಡಿ ಆಡುವ ಆಟವಲ್ಲ, ಬಾಯಲ್ಲಿ ಆಡುವ ಆಟ. ನಿಮ್ಮ ಪಾತ್ರಕ್ಕೆ ಮುಖವಿಲ್ಲ, ಮೈಯಿಲ್ಲ. ಉಳಿದವರ ಪಾಲಿಗೆ ಅವನು ಇರುವುದು ಹೆಸರಿನಲ್ಲಿ ಮಾತ್ರ. ಒಂದು ಮಧ್ಯಾಹ್ನದಲ್ಲಿ ಆ ಹೆಸರನ್ನು ಐವತ್ತು ಸಲವಾದರೂ ಕೂಗುತ್ತಾರೆ.

ನನ್ನ ಮೊದಲ ಎಲ್ಫ್‌ಗೆ ಐದು ಅಕ್ಷರದ ಹೆಸರೊಂದನ್ನು ಸುಮ್ನೆ ಪಟ್ಟಿಯಿಂದ ಎತ್ತಿಕೊಂಡಿದ್ದೆ. ಯಾರ ನಾಲಿಗೆಗೂ ಅದು ಹತ್ತಲಿಲ್ಲ. ಮೂರನೇ ವಾರಕ್ಕೆ ಎಲ್ಲರೂ ಅವನನ್ನು ‘ಬಿಲ್ಲಿನವನು’ ಅಂತ ಕರೆಯುತ್ತಿದ್ದರು. ಎಂಟು ತಿಂಗಳು ಆಡಿದೆವು. ಅವನು ಸತ್ತ ದಿನ ಅವನ ಹೆಸರು ಹಿಡಿದು ಒಬ್ಬರೂ ಕೂಗಲಿಲ್ಲ, ಯಾಕೆಂದರೆ ಯಾರಿಗೂ ನೆನಪಿರಲಿಲ್ಲ. ಆ ಬೇಸರ ನನಗೆ ಇವತ್ತಿಗೂ ಇದೆ. ಈ ಪುಟ ಬರೆಯಲು ಅದೇ ಕಾರಣ.

ನಿಯಮ ಪುಸ್ತಕದಲ್ಲೇ ಪಟ್ಟಿ ಇದೆಯಲ್ಲ, ಅದರಿಂದ ಆರಿಸಿದರೆ ಆಗಲ್ವಾ?

ಆಗುತ್ತದೆ. ಆದರೆ ಕನ್ನಡದ ಕಿವಿಯಿಂದ ಒಮ್ಮೆ ಕೇಳಿಸಿಕೊಂಡು ಆರಿಸಿ. ಆ ಪಟ್ಟಿ ಮಾಡಿದವರಿಗೆ ಕನ್ನಡ ಗೊತ್ತಿರಲಿಲ್ಲ. 2014ರ ಪುಸ್ತಕದಲ್ಲಿ ಹೆಣ್ಣು ಎಲ್ಫ್ ಹೆಸರುಗಳ ನಡುವೆ ಒಂದು ‘ಶವ’ ಇದೆ. ಅವರಿಗೆ ಅದು ಮೆದುವಾದ ಎರಡು ಸ್ವರ, ಅಷ್ಟೇ. ನಮಗೆ ಹಾಗೆ ಕೇಳಿಸಲು ಸಾಧ್ಯವೇ ಇಲ್ಲ. ಮಕ್ಕಳ ಹೆಸರುಗಳಲ್ಲಿ ‘ಸಾಯ್’ ಇದೆ. ಗಂಡು ಹೆಸರುಗಳಲ್ಲಿ ‘ಹದರಾಯ್’ ಇದೆ. ಒಂದು ಅಕ್ಷರ ಎಳೆದು ಹೇಳಿದರೆ ಮನೆಯಲ್ಲಿ ಹಿರಿಯರ ಮುಂದೆ ಆಡಬಾರದ ಮಾತಾಗುತ್ತದೆ.

ಅದೇ ಪಟ್ಟಿಯಲ್ಲಿ ಕನ್ನಡಕ್ಕೆ ಒಲಿಯುವ ಹೆಸರುಗಳೂ ಇವೆ. ‘ಮೆಲ್ಲ’ ಅಂತ ಒಂದಿದೆ. ಸದ್ದಿಲ್ಲದೆ ನಡೆಯುವ ಎಲ್ಫ್ ಮಗುವಿಗೆ ಅದಕ್ಕಿಂತ ಒಳ್ಳೆಯ ಹೆಸರು ನನಗೆ ಹೊಳೆಯುವುದಿಲ್ಲ. ‘ಎನ್ನ’ ಅಂತ ಇನ್ನೊಂದಿದೆ. ವಚನ ಓದಿದವರಿಗೆ ಆ ಪದದ ಆಪ್ತತೆ ಗೊತ್ತು. ‘ಬೇರೋ’ ನಮ್ಮ ಬೇರಿನ ಪಕ್ಕದಲ್ಲೇ ಇದೆ. ನಮ್ಮ ಗುಂಪಿನಲ್ಲಿ ಒಬ್ಬ ಹುಡುಗ ಮರಗಳ ಜೊತೆ ಮಾತಾಡುವ ಎಲ್ಫ್‌ಗೆ ಆ ಹೆಸರಿಟ್ಟ. ಬಹಳ ಚೆನ್ನಾಗಿ ಹೊಂದಿತು.

ಕೆಲವು ಹೆಸರು ಕೇಳಿದ ಕೂಡಲೇ ಎಲ್ಫ್ ಅನ್ನಿಸುತ್ತದೆ. ಅದು ಹೇಗೆ?

ಇದಕ್ಕೆ ಕಾರಣ ಒಬ್ಬ ಮನುಷ್ಯ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್ ಭಾಷೆಗಳ ಪಂಡಿತರು. ಎಲ್ಫ್‌ಗಳಿಗಾಗಿ ಅವರು ಭಾಷೆಗಳನ್ನೇ ಕಟ್ಟಿದರು. ಕ್ವೆನ್ಯಾ ಎಂಬುದಕ್ಕೆ ಫಿನ್ನಿಷ್ ಭಾಷೆಯ ಸದ್ದು ಪ್ರೇರಣೆ, ಸಿಂದರಿನ್ ಎಂಬುದಕ್ಕೆ ವೆಲ್ಷ್ ಭಾಷೆಯದ್ದು. ಅಲ್ಲಿ ಹೆಸರು ಅಂದರೆ ಸುಮ್ಮನೆ ಜೋಡಿಸಿದ ಅಕ್ಷರವಲ್ಲ. ಅವರ ಕಥೆಯ ಎಲ್ಫ್ ಲೆಗೊಲಾಸ್ ಹೆಸರಿನ ಅರ್ಥ ಹಸಿರೆಲೆ. ‘ಲಾಸ್’ ಎಲೆ, ‘ಲೋಥ್’ ಹೂವು, ‘ಇಥಿಲ್’ ಚಂದ್ರ. ಮುಂದೆ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂತು. ಅದರ ಎಲ್ಫ್‌ಗಳ ಹೆಸರೂ ಇದೇ ದಾರಿ ಹಿಡಿದವು.

ಈಗ ನನಗೆ ಅತಿ ಪ್ರಿಯವಾದ ವಿಷಯಕ್ಕೆ ಬರುತ್ತೇನೆ. ಕ್ವೆನ್ಯಾದಲ್ಲಿ ಒಂದು ಪದ ಸ್ವರದಲ್ಲಿ ಮುಗಿಯಬೇಕು, ಇಲ್ಲವೇ ನ್, ಲ್, ರ್, ಸ್, ತ್ ಇವುಗಳಲ್ಲಿ ಒಂದರಲ್ಲಿ ಮುಗಿಯಬೇಕು. ಬೇರೆ ವ್ಯಂಜನಕ್ಕೆ ಕೊನೆಯಲ್ಲಿ ಜಾಗವಿಲ್ಲ. ಈಗ ಈ ಹಳಗನ್ನಡ ಪದಗಳನ್ನು ಗಟ್ಟಿಯಾಗಿ ಓದಿ. ಕಡಲ್. ಮುಗಿಲ್. ತಳಿರ್. ನೇಸರ್. ಬಾನ್. ಪೊನ್. ಅಲರ್. ಎಲರ್. ಕೇಳಿಸಿತಲ್ವಾ? ಹೊಸಗನ್ನಡದಲ್ಲಿ ನಾವು ಕೊನೆಗೆ ಒಂದು ಉ ಸೇರಿಸಿ ಕಡಲು, ಮುಗಿಲು, ತಳಿರು ಅನ್ನುತ್ತೇವೆ. ಆ ಉ ತೆಗೆದರೆ ಸಾಕು, ಪದ ಎಲ್ಫ್ ಆಗಿ ನಿಲ್ಲುತ್ತದೆ.

ಎಲ್ಫ್ ಯಾಕೆ ಹಳಗನ್ನಡ ಮಾತಾಡಬೇಕು?

ಅವನ ವಯಸ್ಸಿನ ಕಾರಣಕ್ಕೆ. ಲೆಕ್ಕ ಹಾಕಿ ನೋಡಿ. 720 ವರ್ಷದ ಎಲ್ಫ್ ಒಬ್ಬ ಇವತ್ತು ಹಳೇಬೀಡಿನಲ್ಲಿ ಬದುಕಿದ್ದರೆ, ದೆಹಲಿಯ ಸೈನ್ಯ 1311ರಲ್ಲಿ ಬಂದಾಗ ಅವನು ಚಿಕ್ಕ ಹುಡುಗ. ಅವನಿಗೆ ಆ ಊರು ಹಳೆಯ ಬೀಡಲ್ಲ. ಅವನು ಇಂದಿಗೂ ದೋರಸಮುದ್ರ ಅಂತಲೇ ಕರೆಯುತ್ತಾನೆ. ಬೇಲೂರಿನ ಗುಡಿ ಕಟ್ಟಿದ್ದು 1117ರಲ್ಲಿ. ಅವನ ಅಜ್ಜಿ ಶಿಲ್ಪಿಗಳ ಉಳಿಯ ಸದ್ದು ಕೇಳಿರುತ್ತಾಳೆ. ಹೊಯ್ಸಳರನ್ನು ಅವಳು ಪೊಯ್ಸಳರು ಅನ್ನುತ್ತಾಳೆ, ಶಾಸನಗಳಲ್ಲಿ ಇರುವ ಹಾಗೆ.

ನಾವು ಹತ್ತಾರು ತಲೆಮಾರಿನಲ್ಲಿ ಮಾತು ಬದಲಿಸಿಕೊಂಡೆವು. ಎಲ್ಫ್‌ಗೆ ಅದು ಒಂದೇ ಜನ್ಮ. ಅವನ ಹೆಸರಿನಲ್ಲಿ ಹಳೆಯ ಸದ್ದು ಉಳಿದಿರಬೇಕು. ಹೆಸರು ಕೇಳಿದವರಿಗೆ ಅರ್ಧ ಅರ್ಥವಾಗಬೇಕು, ಅರ್ಧ ಎಲ್ಲೋ ಕೇಳಿದಂತಿರಬೇಕು. ಬೇರೆ ಭಾಷೆಯ ಸದ್ದಿನಿಂದ ನಮ್ಮ ಆಟಗಾರರಲ್ಲಿ ಈ ಭಾವ ಬರುವುದನ್ನು ನಾನು ನೋಡಿಲ್ಲ. ‘ಎಲರ್’ ಅಂದಾಗ ನೋಡಿದ್ದೇನೆ.

ಸರಿ, ಹಳಗನ್ನಡದಿಂದ ಹೆಸರು ಕಟ್ಟುವುದು ಹೇಗೆ? ನನಗೆ ಹಳಗನ್ನಡ ಬರಲ್ಲ.

ಪೂರ್ತಿ ಬರಬೇಕಾಗಿಲ್ಲ. ಎರಡು ವಿಷಯ ಗೊತ್ತಿದ್ದರೆ ಸಾಕು.

ಮೊದಲನೆಯದು ಕೊನೆಯ ಉ ಬಿಡುವುದು. ಇರುಳು ಇರುಳ್ ಆಗುತ್ತದೆ. ತಿಂಗಳು ತಿಂಗಳ್ ಆಗುತ್ತದೆ, ಅದರರ್ಥ ಚಂದ್ರ.

ಎರಡನೆಯದು ಹ ಇರುವಲ್ಲಿ ಪ ಇಡುವುದು. ಹಾಲು ಹಿಂದೆ ಪಾಲ್ ಆಗಿತ್ತು. ಹೂ ಪೂ, ಹನಿ ಪನಿ, ಹಕ್ಕಿ ಪಕ್ಕಿ, ಹೊನ್ನು ಪೊನ್, ಹಸಿರು ಪಸುರ್. ಇದಕ್ಕೆ ಸಾಕ್ಷಿ ನಮ್ಮ ಪಕ್ಕದಲ್ಲೇ ಸಿಕ್ಕಿದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ ಶಾಸನ ಸುಮಾರು ಕ್ರಿ.ಶ. 450ರದು. ಅದರಲ್ಲಿ ಆ ಊರಿನ ಹೆಸರೇ ‘ಪಲ್ಮಡಿ’ ಎಂದಿದೆ. ಆದರೆ ಎಲ್ಲಾ ಹ ಕಾರವನ್ನೂ ಹೀಗೆ ಬದಲಿಸಬೇಡಿ. ಹಂಸ, ಹಿಮ ಇವು ಸಂಸ್ಕೃತದಿಂದ ಬಂದವು. ಅವು ಎಂದೂ ಪ ಆಗಿರಲಿಲ್ಲ.

ಇನ್ನು ಜೋಡಿಸುವುದು. ಎಲರ್ ಅಂದರೆ ತಂಗಾಳಿ. ಅಲರ್ ಅಂದರೆ ಅರಳಿದ ಹೂ. ಪೊನ್ ಮತ್ತು ಎಲರ್ ಸೇರಿದರೆ ಪೊನ್ನೆಲರ್. ಕಾನ್ ಅಂದರೆ ಕಾಡು, ಅದಕ್ಕೆ ಎಲರ್ ಸೇರಿದರೆ ಕಾನೆಲರ್. ಬಾನ್ ಮತ್ತು ಅಲರ್ ಸೇರಿದರೆ ಬಾನಲರ್. ಪನಿಗೆ ಅಲರ್ ಸೇರಿದರೆ ಪನಿಯಲರ್. ಒಂಟಿ ಪದವೂ ಸಾಕು. ನಮ್ಮ ಗುಂಪಿನಲ್ಲಿ ಅತಿ ಹೆಚ್ಚು ದಿನ ಬದುಕಿದ ಎಲ್ಫ್ ಹೆಸರು ಬರೀ ‘ತಳಿರ್’.

ಮಳೆ ಎಂಬುದನ್ನು ಹಿಂದೆ ‘ಮೞೆ’ ಅಂತ ಬರೆಯುತ್ತಿದ್ದರು. ಆ ೞ ಅಕ್ಷರವನ್ನು ನಾವು ಬಿಟ್ಟು ನೂರಾರು ವರ್ಷವಾಯಿತು. ಶೀಟಿನ ಮೇಲೆ ಬರೆದರೆ ಬಹಳ ಚೆಂದ ಕಾಣುತ್ತದೆ. ಹೇಳುವಾಗ ಮಾತ್ರ ಎಲ್ಲರೂ ಳ ಅನ್ನುತ್ತಾರೆ ಎಂಬುದು ತಿಳಿದಿರಲಿ. ನನಗೆ ಅದೂ ಇಷ್ಟವೇ. ಆ ಅಕ್ಷರವನ್ನು ಸರಿಯಾಗಿ ಹೇಳಬಲ್ಲವನು ಕಥೆಯಲ್ಲಿ ಆ ಎಲ್ಫ್ ಒಬ್ಬನೇ ಆಗಿರಲಿ.

ಹೆಸರು ಎಷ್ಟು ಉದ್ದ ಇರಬಹುದು?

ಎರಡರಿಂದ ನಾಲ್ಕು ಅಕ್ಷರ. ಅದಕ್ಕಿಂತ ಉದ್ದವಾದರೆ ಕರೆಯುವ ಹೆಸರನ್ನೂ ನೀವೇ ಇಟ್ಟುಬಿಡಿ. ಇಲ್ಲವಾದರೆ ಬೇರೆಯವರು ಇಡುತ್ತಾರೆ.

ಹೆಸರು ಚೆನ್ನಾಗಿದೆಯಾ ಅಂತ ಪರೀಕ್ಷೆ ಮಾಡುವುದು ಹೇಗೆ?

ನಾಮಕರಣದಲ್ಲಿ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳುತ್ತಾರಲ್ಲ, ನಾವೂ ಹಾಗೇ ಮಾಡುತ್ತೇವೆ. ಪಕ್ಕದಲ್ಲಿ ಕೂತವರ ಕಿವಿಯಲ್ಲಿ ಮೂರು ಸಲ ಮೆಲ್ಲಗೆ ಹೇಳಿ. ಆಮೇಲೆ ಅಡುಗೆಮನೆಯಲ್ಲಿ ಕಾಫಿ ಬೆರೆಸುತ್ತಿರುವವರಿಗೆ ಕೇಳಿಸುವ ಹಾಗೆ ಜೋರಾಗಿ ಒಮ್ಮೆ ಕೂಗಿ. ಅವರು ಅದನ್ನು ತಿರುಗಿ ಸರಿಯಾಗಿ ಹೇಳಿದರೆ ಹೆಸರು ಗೆದ್ದಿತು. ಜೂನ್, ಜುಲೈನಲ್ಲಿ ಹೆಂಚಿನ ಮೇಲೆ ಮಳೆ ಹೊಡೆಯುವಾಗ ಪರೀಕ್ಷೆ ಮಾಡಿದರೆ ಇನ್ನೂ ಒಳ್ಳೆಯದು. ಆ ಸದ್ದಿನಲ್ಲಿ ಎಲರ್ ಮತ್ತು ಅಲರ್ ಎರಡೂ ಒಂದೇ ಥರ ಕೇಳಿಸುತ್ತವೆ. ಒಂದೇ ಗುಂಪಿನಲ್ಲಿ ಆ ಎರಡು ಹೆಸರು ಬೇಡ.

ಗಂಡು ಹೆಣ್ಣು ಅಂತ ಬೇರೆ ಮಾಡಿ ತೋರಿಸಬೇಕಾ?

ಬೇಕಾಗಿಲ್ಲ. ತಳಿರ್, ಮುಗಿಲ್ ಯಾರಿಗಾದರೂ ಆಗುತ್ತದೆ. ತೋರಿಸಲೇಬೇಕು ಅನ್ನಿಸಿದರೆ ಹಳೆಯ ದಾರಿ ಇದೆ. ಹಿಂದೆ ಹೆಣ್ಣುಮಕ್ಕಳ ಹೆಸರಿಗೆ ‘ಅಬ್ಬೆ’ ಸೇರುತ್ತಿತ್ತು, ಅತ್ತಿಮಬ್ಬೆ ಇದ್ದ ಹಾಗೆ. ಅಲರಬ್ಬೆ, ಎಲರಬ್ಬೆ ಎಷ್ಟು ಗಂಭೀರವಾಗಿ ಕೇಳಿಸುತ್ತವೆ ನೋಡಿ. ಗಂಡಸರ ಹೆಸರಿಗೆ ‘ಅರಸ’ ಸೇರುತ್ತಿತ್ತು. ಹಲ್ಮಿಡಿ ಶಾಸನದಲ್ಲೇ ಒಬ್ಬ ವಿಜ ಅರಸ ಇದ್ದಾನೆ.

ಎಲ್ಫ್‌ಗಳಿಗೆ ಮಕ್ಕಳ ಹೆಸರು ಬೇರೆ, ದೊಡ್ಡವರ ಹೆಸರು ಬೇರೆಯಂತೆ, ನಿಜವಾ?

ಹೌದು. 2014ರ ಪುಸ್ತಕದ ಪ್ರಕಾರ ಎಲ್ಫ್‌ನ ಮೈ ಮನುಷ್ಯರಷ್ಟೇ ಬೇಗ ಬೆಳೆಯುತ್ತದೆ. ಆದರೆ ಸುಮಾರು ನೂರು ವರ್ಷ ಆಗುವ ತನಕ ಮಕ್ಕಳ ಹೆಸರೇ ನಡೆಯುತ್ತದೆ. ಆಮೇಲೆ ‘ನಾನು ದೊಡ್ಡವನಾದೆ’ ಎಂದು ಅವನೇ ಸಾರಿ, ಅವನೇ ಹೆಸರು ಇಟ್ಟುಕೊಳ್ಳುತ್ತಾನೆ.

ನಮಗೆ ಇದು ಹೊಸದೇನಲ್ಲ. ಮನೆಯಲ್ಲಿ ಪುಟ್ಟ, ಚಿನ್ನು, ಗುಂಡ ಅಂತ ಕರೆಸಿಕೊಂಡವರು ಶಾಲೆಯ ದಾಖಲೆಯಲ್ಲಿ ಬೇರೆಯೇ ಇರುತ್ತಾರೆ. ಬೇಲೂರಿನ ಗುಡಿ ಕಟ್ಟಿಸಿದ ಅರಸನೂ ಮೊದಲು ಬಿಟ್ಟಿದೇವ, ಆಮೇಲೆ ವಿಷ್ಣುವರ್ಧನ. ನಿಮ್ಮ ಎಲ್ಫ್‌ಗೂ ಎರಡು ಹೆಸರು ಬರೆದಿಡಿ. ಚಿಕ್ಕ ಹೆಸರು ಹೇಳಿ ಕರೆಯುವ ಹಕ್ಕು ಯಾರಿಗಿದೆ ಎಂಬುದನ್ನೂ ಬರೆಯಿರಿ. ಅಕ್ಕನಿಗಾ? ಸಾಕಿದ ಅಜ್ಜನಿಗಾ? ಆಟದ ಮಧ್ಯೆ ಶತ್ರುವಿನ ಬಾಯಲ್ಲಿ ಆ ಚಿಕ್ಕ ಹೆಸರು ಬಂದರೆ ಇಡೀ ಕೋಣೆ ಸುಮ್ಮನಾಗುತ್ತದೆ. ನಾನು ಒಮ್ಮೆ ಹಾಗೆ ಮಾಡಿದ್ದೇನೆ. ಆ ಆಟಗಾರ್ತಿ ಐದು ನಿಮಿಷ ದಾಳವನ್ನೇ ಮುಟ್ಟಲಿಲ್ಲ.

ಮಕ್ಕಳ ಹೆಸರಿಗೆ ಹುಟ್ಟಿದ ಹೊತ್ತು, ಹುಟ್ಟಿದ ಜಾಗ ನೋಡಿ. ಚಂದ್ರದ್ರೋಣ ಪರ್ವತದಲ್ಲಿ ನೀಲಕುರಿಂಜಿ 12 ವರ್ಷಕ್ಕೊಮ್ಮೆ ಅರಳುತ್ತದೆ. 750 ವರ್ಷ ಬದುಕುವ ಎಲ್ಫ್ ಅದನ್ನು ಅರವತ್ತಕ್ಕೂ ಹೆಚ್ಚು ಸಲ ನೋಡುತ್ತಾನೆ. ಆ ವರ್ಷ ಹುಟ್ಟಿದ ಎಲ್ಫ್ ಮಗುವಿಗೆ ಕುರಿಂಜಿ ಅಂತಲೇ ಹೆಸರಿಡಿ. ವಯಸ್ಸನ್ನು ಹೂವಿನ ಲೆಕ್ಕದಲ್ಲೇ ಹೇಳಲಿ.

ಮನೆತನದ ಹೆಸರು?

2014ರ ಪುಸ್ತಕದಲ್ಲಿ ಪ್ರತಿ ಮನೆತನದ ಹೆಸರಿಗೂ ಅರ್ಥ ಕೊಟ್ಟಿದ್ದಾರೆ. ಸಿಯಾನ್ನೊಡೆಲ್ ಅಂದರೆ ಚಂದ್ರನ ತೊರೆ. ಇದನ್ನು ನೇರವಾಗಿ ಕನ್ನಡದಲ್ಲೇ ‘ತಿಂಗಳತೊರೆ’ ಅಂತ ಮಾಡಿಕೊಳ್ಳಬಹುದು. ಸಂಧಿ ಮಾಡಲು ಹೋಗಿ ತೊರೆಯನ್ನು ದೊರೆ ಮಾಡಿದರೆ ಮಾತ್ರ ನಿಮ್ಮ ಎಲ್ಫ್ ರಾಜಮನೆತನದವನಾಗಿಬಿಡುತ್ತಾನೆ.

ನನಗೆ ಇನ್ನೂ ಇಷ್ಟವಾದ ದಾರಿ ಮಲೆನಾಡಿನದು. ಕೊಪ್ಪ, ಶೃಂಗೇರಿ ಕಡೆ ಜನರನ್ನು ಗುರುತಿಸುವುದೇ ಮನೆಯ ಜಾಗದಿಂದ. ಮಕ್ಕಿ, ಬೈಲು, ಕೊಡಿಗೆ, ಹಡ್ಲು, ಕಾನು ಇವೆಲ್ಲ ಊರಿನ, ಮನೆಯ ಹೆಸರಿನ ಬಾಲಗಳು. ಎಲ್ಫ್‌ಗಳೂ ಜಾಗಕ್ಕೆ ಅಂಟಿಕೊಂಡ ಜನ. ಇರುಳಮಕ್ಕಿ, ಎಲರಬೈಲು, ಪೊನ್ನಕೊಡಿಗೆ ಅಂತ ಕಟ್ಟಿ ನೋಡಿ. ‘ಇರುಳಮಕ್ಕಿಯ ಕಾನೆಲರ್’ ಅಂದ ಕೂಡಲೇ ಅವನ ಮನೆಯ ಅಂಗಳ, ಅದರಾಚೆಯ ಇಳಿಜಾರು ಎಲ್ಲ ಕಣ್ಣಿಗೆ ಬರುತ್ತದೆ.

ಇಂಗ್ಲಿಷ್ ಹೆಸರುಗಳ ನಡುವೆ ಮೇಲೊಂದು ಕೊಕ್ಕೆ (ಅಪಾಸ್ಟ್ರಫಿ) ಹಾಕುತ್ತಾರಲ್ಲ, ನಾವೂ ಹಾಕಬೇಕಾ?

ಬೇಡ. ಇಂಗ್ಲಿಷ್‌ನಲ್ಲಿ ಅದನ್ನು ಹೆಸರು ಬೇರೆ ಲೋಕದ್ದು ಅನ್ನಿಸಲು ಹಾಕುತ್ತಾರೆ. ನಮ್ಮ ಬರಹದಲ್ಲಿ ಅದಕ್ಕೆ ಸದ್ದೇ ಇಲ್ಲ. ನಮಗೆ ದೀರ್ಘ ಇದೆ, ಒತ್ತಕ್ಷರ ಇದೆ, ಲ ಬೇರೆ ಳ ಬೇರೆ ಇದೆ. ಹೆಸರನ್ನು ಮೊದಲು ಕನ್ನಡದಲ್ಲಿ ಬರೆಯಿರಿ. ಕಂಪ್ಯೂಟರ್ ಗೇಮ್ ಇಂಗ್ಲಿಷ್ ಅಕ್ಷರ ಮಾತ್ರ ತೆಗೆದುಕೊಂಡರೆ ಳ ಇಲ್ಲದ ಹೆಸರು ಆರಿಸಿ. ತಿಂಗಳ್ ಅಲ್ಲಿ ಕೆಡುತ್ತದೆ, ಎಲರ್ ಕೆಡುವುದಿಲ್ಲ.

ನೆಲದಡಿ ಬದುಕುವ ಕಪ್ಪು ಎಲ್ಫ್‌ಗೆ ಒರಟು ಹೆಸರೇ ಬೇಕಾ?

ನನ್ನ ಪ್ರಕಾರ ಬೇಡ. ಕಪ್ಪು ಅಂದರೆ ಕೆಟ್ಟದ್ದು ಎಂಬ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಕಾರ್ ಅಂದರೆ ಕಪ್ಪು, ಅದೇ ಕಾರ್ಮುಗಿಲು ನಮಗೆ ಮಳೆ ಕೊಡುತ್ತದೆ. ನೆಲದಡಿಯ ಎಲ್ಫ್‌ಗೆ ಕಾರಿರುಳ್ ಅಂತ ಹೆಸರಿಟ್ಟರೆ ಸೊಗಸೂ ಇದೆ, ಭಾರವೂ ಇದೆ.

ತಾಯಿ ಎಲ್ಫ್, ತಂದೆ ಮನುಷ್ಯ ಆದರೆ?

2014ರ ಪುಸ್ತಕ ಒಂದು ಸೂಕ್ಷ್ಮ ಹೇಳುತ್ತದೆ. ಮನುಷ್ಯರ ನಡುವೆ ಬೆಳೆದವರಿಗೆ ಹೆಚ್ಚಾಗಿ ಎಲ್ಫ್ ಹೆಸರು ಇರುತ್ತದೆ, ಎಲ್ಫ್‌ಗಳ ನಡುವೆ ಬೆಳೆದವರಿಗೆ ಮನುಷ್ಯರ ಹೆಸರು. ಎರಡೂ ಕಡೆ ಪೂರ್ತಿ ಸೇರದವರು ಅವರು. ಹಾಗಾಗಿ ಒಂದೇ ಪದದ ಎರಡು ರೂಪ ಇಡಿ. ಊರಿನಲ್ಲಿ ಹೊನ್ನ, ಕಾಡಿನಲ್ಲಿ ಪೊನ್.

ದೇವರ ಹೆಸರು ಇಡಬಹುದಾ?

ನಮ್ಮ ಮೇಜಿನಲ್ಲಿ ಇಡುವುದಿಲ್ಲ. ಪಾತ್ರ ಕಳ್ಳತನ ಮಾಡುತ್ತದೆ, ಸುಳ್ಳು ಹೇಳುತ್ತದೆ, ಹೊಡೆತ ತಿನ್ನುತ್ತದೆ. ಒಳಗಿನ ಕೋಣೆಯಲ್ಲಿ ಮನೆಯ ಹಿರಿಯರು ಇರುತ್ತಾರೆ. ಅವರು ಪೂಜೆ ಮಾಡುವ ಹೆಸರನ್ನು ಹೀಗೆ ಕೂಗುವುದು ನನಗೆ ಸರಿ ಕಾಣುವುದಿಲ್ಲ.

ತೀರಿಕೊಂಡ ನನ್ನ ಅಜ್ಜಿಯ ಹೆಸರು ಇಡಲಾ?

ಹಾಸನದಿಂದ ಬರುವ ಒಬ್ಬ ಹುಡುಗ ಇದನ್ನು ಕೇಳಿದ. ಅಜ್ಜಿ ಹೋಗಿ ಆರು ತಿಂಗಳಾಗಿತ್ತು. ‘ಅಣ್ಣಾ, ಅಜ್ಜಿ ಹೆಸರು ಯಾರೂ ಕರೆಯೋದೇ ಇಲ್ಲ ಈಗ. ಇಲ್ಲಾದ್ರೂ ಕರೀಲಿ’ ಅಂದ. ನನಗೆ ತಕ್ಷಣ ಉತ್ತರ ಕೊಡಲು ಆಗಲಿಲ್ಲ.

ಕೊನೆಗೆ ನಾನು ಹೇಳಿದ್ದು ಇಷ್ಟು. ದಾಳ ಯಾರ ಮಾತೂ ಕೇಳುವುದಿಲ್ಲ. ಎರಡನೇ ವಾರವೇ ನಿನ್ನ ಪಾತ್ರ ಸಾಯಬಹುದು. ಅಜ್ಜಿಯನ್ನು ಇನ್ನೊಮ್ಮೆ ಕಳೆದುಕೊಂಡ ಹಾಗಾಗುವುದು ಬೇಡ. ಅದರ ಬದಲು ಆ ಹೆಸರನ್ನು ಒಂದು ಜಾಗಕ್ಕೆ ಇಡೋಣ. ಎಲ್ಫ್ ಹುಟ್ಟಿದ ಕಾಡಿನ ನಡುವೆ ಒಂದು ಒರತೆ ಇದೆ. ಬೇಸಗೆಯಲ್ಲೂ ಬತ್ತುವುದಿಲ್ಲ. ಅದಕ್ಕೆ ನಿನ್ನಜ್ಜಿಯ ಹೆಸರು. ಅವನು ಒಪ್ಪಿದ. ಈಗ ನಮ್ಮ ಆಟದಲ್ಲಿ ಗಾಯಗೊಂಡವರೆಲ್ಲ ಆ ಒರತೆಗೇ ಹೋಗುತ್ತಾರೆ. ವಾರಕ್ಕೆ ನಾಲ್ಕೈದು ಸಲವಾದರೂ ಆ ಹೆಸರು ಮೇಜಿನ ಮೇಲೆ ಬರುತ್ತದೆ.

ಆಟ ಶುರುವಾದ ಮೇಲೆ ಹೆಸರು ಬದಲಿಸಬಹುದಾ?

ಮೊದಲ ಎರಡು ಭಾನುವಾರ ಸುಮ್ಮನೆ ಬದಲಿಸಿ, ಯಾರೂ ಬೇಡ ಅನ್ನುವುದಿಲ್ಲ. ಆಮೇಲೆ ಕಥೆಯೊಳಗೇ ಬದಲಿಸಿ. ಒಂದು ದೊಡ್ಡ ಕೆಲಸ ಮಾಡಿದ ಮೇಲೆ ಬಿರುದು ಸೇರಿಸಿಕೊಳ್ಳಬಹುದು. ವಿಷ್ಣುವರ್ಧನ ಚೋಳರಿಂದ ತಲಕಾಡು ಗೆದ್ದು ‘ತಲಕಾಡುಗೊಂಡ’ ಎನ್ನಿಸಿಕೊಂಡ. ನಮ್ಮಲ್ಲಿ ಒಬ್ಬಳು ರಾತ್ರಿಯಿಡೀ ಒಬ್ಬಳೇ ಸೇತುವೆ ಕಾದಳು. ಮರುವಾರದಿಂದ ಅವಳ ಶೀಟಿನಲ್ಲಿ ‘ಇರುಳ್ಗೊಂಡ ಬಾನಲರ್’ ಎಂದಿದೆ. ಆ ಬಿರುದನ್ನು ಅವಳು ಇಟ್ಟುಕೊಂಡದ್ದಲ್ಲ, ಜೊತೆಯವರು ಕೊಟ್ಟದ್ದು.

ಸತ್ತ ಎಲ್ಫ್‌ನ ಹೆಸರನ್ನು ಹೊಸ ಪಾತ್ರಕ್ಕೆ ಇಡಬಹುದಾ?

ನಮ್ಮಲ್ಲಿ ಇಡುವುದಿಲ್ಲ. ಹಾಸನ ಜಿಲ್ಲೆಯಲ್ಲಿ ಎಷ್ಟೊಂದು ಕಡೆ ವೀರಗಲ್ಲು ನಿಂತಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಮುಂದೆ ಕೂತ ವೀರ. ನಾವೂ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಸತ್ತ ಪಾತ್ರಕ್ಕೆ ಒಂದು ಪುಟ ಇಟ್ಟಿದ್ದೇವೆ. ಆಟಗಾರರೇ ಮೂರು ಪಟ್ಟಿಕೆ ಚಿತ್ರ ಬಿಡಿಸುತ್ತಾರೆ. ಅಡಿಯಲ್ಲಿ ಮಕ್ಕಳ ಹೆಸರು, ದೊಡ್ಡವರ ಹೆಸರು, ಮನೆತನ, ಬಿರುದು ಬರೆಯುತ್ತಾರೆ. ಅದನ್ನು ಎಲ್ಲರೂ ಒಮ್ಮೆ ಗಟ್ಟಿಯಾಗಿ ಓದುತ್ತೇವೆ. ಆಮೇಲೆ ನಾನು ಹೊಸ ಶೀಟ್ ಕೊಡುತ್ತೇನೆ.